ಹಂಚಿನ ಮಾಡಿಗೆ ಪಕಾಸು ಎಷ್ಟುದ್ದ, ಮರ ಎಷ್ಟು? ಆರಿಸಿಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕ

ನಮ್ಮ ಹಳೆ ಮನೆಯ ಮಾಡು ಬಿಚ್ಚಿ ಹೊಸದಾಗಿ ಕಟ್ಟುವಾಗ 16 ಅಡಿಯ 42 ಪಕಾಸು (ಮಾಡಿನ ನೆತ್ತಿಯಿಂದ ಸೂರಿನವರೆಗೆ ಇಳಿಜಾರಾಗಿ ಹಾಕುವ ಮರ) ತಂದು ಅಂಗಳದಲ್ಲಿ ಪೇರಿಸಿದ್ದೆವು. ಬೇಕಾಗಿದ್ದದ್ದು 17 ಅಡಿಯದು. ನೆಲದ ಮೇಲೆ ಟೇಪು ಹಿಡಿದು ಅಳೆದಿದ್ದೆವು. ಗೋಡೆಯಿಂದ ಮನೆಯ ನಡುವಿಗೆ 12 ಅಡಿ, ಸೂರು ಹೊರಗೆ ಚಾಚಲು ಎರಡೂವರೆ ಅಡಿ, ಇಳಿಜಾರಿಗೆ ಅಂತ ಅಂದಾಜಿನಲ್ಲಿ ಇನ್ನೊಂದೂವರೆ ಅಡಿ. ಸೇರಿಸಿದರೆ 16. ಸರಿಯಾಗೇ ಇದೆ ಅನ್ನಿಸಿತ್ತು.

ಮೇಲೆ ಕೂರಿಸಿದಾಗ 8 ಇಂಚು ಸಾಲಲಿಲ್ಲ. 8 ಇಂಚು ತಾನೇ ಅಂದುಕೊಂಡೆವು. ಆದರೆ ಹಂಚು ಅರ್ಧ ಸಾಲು ಕೂರುವುದಿಲ್ಲ, ಅಲ್ವಾ? ಒಂದು ಸಾಲು ಪೂರ್ತಿ ಹೋಯಿತು. ಎರಡೂವರೆ ಅಡಿ ಚಾಚಬೇಕಿದ್ದ ಸೂರು ಒಂದೂವರೆ ಅಡಿಗೆ ನಿಂತಿತು. ಆ ಮಳೆಗಾಲ ಪಡುವಣ ದಿಕ್ಕಿನ ಗೋಡೆ ಬುಡದವರೆಗೂ ನೆನೆಯಿತು. ಮಣ್ಣಿನ ಗೋಡೆ. ಗಿಲಾವು ಹಾಳೆ ಹಾಳೆಯಾಗಿ ಬಿದ್ದದ್ದನ್ನು ನೋಡುತ್ತಾ ನಿಂತಿದ್ದು ಇನ್ನೂ ನೆನಪಿದೆ.

ಆಮೇಲೆ ನೆಂಟರ ಎರಡು ಮನೆ, ಒಂದು ಕೊಟ್ಟಿಗೆ, ಒಂದು ಅಡಿಕೆ ಮನೆಯ ಮಾಡಿಗೆ ನಾನೇ ಲೆಕ್ಕ ಹಾಕಿ ಕೊಟ್ಟೆ. ಅದರಿಂದ ಒಂದು ಮಾತು ಗಟ್ಟಿಯಾಗಿ ಗೊತ್ತಾಗಿದೆ. ಮನೆ ಕಟ್ಟುವವರು ಎಲ್ಲಕ್ಕಿಂತ ಮೊದಲು ಯಾವ ಜಾತಿ ಮರ, ಸಿಎಫ್‌ಟಿಗೆ (ಘನ ಅಡಿಗೆ) ಎಷ್ಟು ರೇಟು ಅಂತ ಕೇಳುತ್ತಾರೆ. ಅದು ಕೊನೆಯ ಪ್ರಶ್ನೆ ಆಗಬೇಕು. ಮೊದಲು ಇಳಿಜಾರು. ಆಮೇಲೆ ಹಂಚಿನ ಸಾಲು. ಅದರಿಂದ ಪಕಾಸಿನ ಉದ್ದ. ಪಕಾಸಿಗೆ ಮಧ್ಯೆ ಆಧಾರ ಇದೆಯೋ ಇಲ್ಲವೋ ಅನ್ನುವುದರಿಂದ ಅದರ ದಪ್ಪ. ಇಷ್ಟಾದ ಮೇಲೆ ಮರದ ಜಾತಿ.

ಇಲ್ಲಿ ಲೆಕ್ಕಕ್ಕೆಲ್ಲ ಒಂದೇ ಮನೆ ಇಟ್ಟುಕೊಳ್ಳೋಣ. ಅಗಲ 24 ಅಡಿ, ಉದ್ದ 36 ಅಡಿ. ಸಾಲಾಗಿ ಮೂರು ಕೋಣೆ, ಒಂದೊಂದು 12 ಅಡಿ. ಎರಡು ಕಡೆ ಇಳಿಜಾರು, ಉಳಿದೆರಡು ತುದಿಗೆ ಮುಕ್ಕೋನದ ಗೋಡೆ. ಸೂರು ಎರಡೂವರೆ ಅಡಿ ಹೊರಗೆ. ಮುಕ್ಕೋನದ ಗೋಡೆಯ ಆಚೆ ಎರಡೆರಡು ಅಡಿ ಚಾಚು. ಹಾಗಾಗಿ ಮಾಡಿನ ಒಟ್ಟು ಉದ್ದ 40 ಅಡಿ. ನೆಲದ ಲೆಕ್ಕದಲ್ಲಿ ನೆತ್ತಿಯಿಂದ ಸೂರಿನ ಅಂಚಿಗೆ 14 ಅಡಿ 6 ಇಂಚು.

ಇಳಿಜಾರು: ಅಡಿಗೆ ಎಷ್ಟು ಇಂಚು?

ಎಂಜಿನಿಯರು ಡಿಗ್ರಿಯಲ್ಲಿ ಹೇಳುತ್ತಾರೆ. ಆಚಾರಿಗೆ ಡಿಗ್ರಿ ಕೊಟ್ಟರೆ ಕೆಲಸ ನಿಧಾನ ಆಗುತ್ತದೆ. ಅಡಿಗೆ ಎಷ್ಟು ಇಂಚು ಏರಬೇಕು ಅಂತ ಹೇಳಿದರೆ ಮಟ್ಟಗೋಲು, ಮೂಲೆಮಟ್ಟ ಇಟ್ಟುಕೊಂಡು ಅಲ್ಲೇ ಗೆರೆ ಹಾಕಿಬಿಡುತ್ತಾರೆ. ಅಡಿಗೆ 6 ಇಂಚು ಅಂದರೆ ನೆಲದ ಮೇಲೆ 12 ಇಂಚು ಹೋದರೆ 6 ಇಂಚು ಮೇಲಕ್ಕೆ.

ಉದ್ದ ತೆಗೆಯುವುದು ಸುಲಭ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಸಾಕು. ನೆಲದ ಅಳತೆಯ ವರ್ಗ, ಏರಿನ ವರ್ಗ, ಎರಡನ್ನೂ ಕೂಡಿಸಿ ವರ್ಗಮೂಲ ತೆಗೆಯುವುದು. ಪ್ರತಿ ಸಲ ಅಷ್ಟು ಮಾಡಬೇಕಾಗಿಲ್ಲ. ಒಂದೊಂದು ಇಳಿಜಾರಿಗೂ ಒಂದೊಂದು ಗುಣಕ ಇದೆ. ನೆಲದ ಅಳತೆಯನ್ನು ಅದರಿಂದ ಗುಣಿಸಿದರೆ ಇಳಿಜಾರಿನ ಉದ್ದ ಬರುತ್ತದೆ.

ಅಡಿಗೆ 6 ಇಂಚು: ಗುಣಕ 1.118. ನಮ್ಮ ಮನೆಗೆ 16 ಅಡಿ 2½ ಇಂಚು. ಗೋಡೆಯಿಂದ ನೆತ್ತಿಗೆ ಎತ್ತರ 6 ಅಡಿ.
ಅಡಿಗೆ 7 ಇಂಚು: ಗುಣಕ 1.158. ಉದ್ದ 16 ಅಡಿ 9½ ಇಂಚು. ಎತ್ತರ 7 ಅಡಿ.
ಅಡಿಗೆ 8 ಇಂಚು: ಗುಣಕ 1.202. ಉದ್ದ 17 ಅಡಿ 5 ಇಂಚು. ಎತ್ತರ 8 ಅಡಿ.
ಅಡಿಗೆ 9 ಇಂಚು: ಗುಣಕ 1.25. ಉದ್ದ 18 ಅಡಿ 1½ ಇಂಚು. ಎತ್ತರ 9 ಅಡಿ.
ಅಡಿಗೆ 12 ಇಂಚು: ಗುಣಕ 1.414. ಉದ್ದ 20 ಅಡಿ 6 ಇಂಚು. ಎತ್ತರ 12 ಅಡಿ.

ಇವುಗಳಲ್ಲಿ ಯಾವುದು? ಮಂಗಳೂರು ಹಂಚಿಗೆ ಅಡಿಗೆ 6 ಇಂಚಿಗಿಂತ ಕಡಿಮೆ ಇಳಿಜಾರು ಕೊಡಬೇಡಿ. ಮಳೆ ಗಾಳಿಯ ಜೊತೆ ಬಂದಾಗ ನೀರು ಹಂಚಿನ ಕಚ್ಚಿನೊಳಗೆ ಹಿಂದಕ್ಕೆ ಏರುತ್ತದೆ. ಬೆಂಗಳೂರು, ಮೈಸೂರಿನ ಕಡೆ ಮಳೆ ಕಡಿಮೆ. ಅಲ್ಲಿ 6 ಇಂಚು ಸಾಕು. ಕರಾವಳಿ ಮತ್ತು ಮಲೆನಾಡಿನಲ್ಲಿ 7 ಇಂಚು ಕನಿಷ್ಠ ಅನ್ನುವುದು ನನ್ನ ಅಭಿಪ್ರಾಯ. ಅದು ಹೆಚ್ಚುಕಡಿಮೆ 30 ಡಿಗ್ರಿ. ಆಗುಂಬೆಯ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅಂಥ ಊರಿನಲ್ಲಿ, ಮನೆಯ ಸುತ್ತ ಮರ ಇದ್ದು ಎಲೆ ಬೀಳುವ ಕಡೆ, ನಾನು 9 ಇಂಚನ್ನೇ ಆರಿಸುತ್ತೇನೆ. ನೀರು ನಿಲ್ಲುವುದಿಲ್ಲ. ಎಲೆ ಜಾರುತ್ತದೆ. ಪಾಚಿ ಕಡಿಮೆ.

9 ಇಂಚಿಗೆ ಇನ್ನೊಂದು ಗುಣವೂ ಇದೆ. 4 ಅಡಿ ಹೋದರೆ 3 ಅಡಿ ಏರು, ಓರೆ ಸರಿಯಾಗಿ 5 ಅಡಿ. ಕ್ಯಾಲ್ಕುಲೇಟರ್ ಇಲ್ಲದೆ ಬಾಯಲ್ಲೇ ಲೆಕ್ಕ ಮುಗಿಯುತ್ತದೆ. ತಪ್ಪಾಗುವ ಸಂಭವ ಕಡಿಮೆ.

ಹಳೆ ಮನೆಗಳ ಮಾಡು ಇನ್ನೂ ಕಡಿದಾಗಿರುವುದನ್ನು ನೀವು ನೋಡಿರಬಹುದು. ಅವುಗಳಲ್ಲಿ ಎಷ್ಟೋ ಮನೆ ಮೊದಲು ಸೋಗೆಯದೋ ಹುಲ್ಲಿನದೋ ಆಗಿದ್ದವು. ಸೋಗೆಗೆ ಕಡಿದಾದ ಇಳಿಜಾರು ಬೇಕೇ ಬೇಕು, ಇಲ್ಲದಿದ್ದರೆ ಕೊಳೆಯುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಿಧಾನವಾಗಿ ಹಂಚು ಊರೂರಿಗೆ ಬಂತು. ಗೋಡೆ, ಪಕಾಸು ಹಾಗೇ ಇಟ್ಟು ಸೋಗೆಯ ಜಾಗಕ್ಕೆ ಹಂಚು ಏರಿಸಿದ ಮನೆಗಳೂ ಇದ್ದವು. ಅಂಥ ಮನೆ ರಿಪೇರಿ ಮಾಡುವವರು ಅಡಿಗೆ 12 ಇಂಚಿನ ಇಳಿಜಾರನ್ನು ಹಾಗೇ ಉಳಿಸಿಕೊಳ್ಳಬೇಕಾ ಅಂತ ಯೋಚಿಸಬೇಕು. ಅಷ್ಟು ಕಡಿದಾದರೆ ಹಂಚು ಜಾರದ ಹಾಗೆ ತಂತಿ ಕಟ್ಟಬೇಕಾಗುತ್ತದೆ. ಮರವೂ ಜಾಸ್ತಿ.

ಎಷ್ಟು ಜಾಸ್ತಿ? ಇದನ್ನು ಲೆಕ್ಕ ಹಾಕಿ ನೋಡಿದಾಗ ನನಗೇ ಆಶ್ಚರ್ಯವಾಯಿತು. ನಮ್ಮ ಮನೆಗೆ 7 ಇಂಚಿನ ಇಳಿಜಾರಿಗೆ ಒಟ್ಟು 91 ಸಿಎಫ್‌ಟಿ ಮರ ಬಿದ್ದರೆ, ಸೂರಿನ ಚಾಚು ಅಷ್ಟೇ ಇಟ್ಟು 9 ಇಂಚಿಗೆ ಸುಮಾರು 96. ಐದೇ ಐದು ಸಿಎಫ್‌ಟಿ ವ್ಯತ್ಯಾಸ. 12 ಇಂಚಿಗೆ ಹೋದರೆ ಮಾತ್ರ 105. ಹಾಗಾಗಿ ಮರ ಉಳಿಸುವುದಕ್ಕೆ ಅಂತ ಮಳೆಯ ಊರಿನಲ್ಲಿ ಇಳಿಜಾರು ತಗ್ಗಿಸುವುದು ತಪ್ಪು ಲೆಕ್ಕ. ಏರುವುದು ಪಕಾಸಿನ ಖರ್ಚಲ್ಲ. ಮುಕ್ಕೋನದ ಗೋಡೆ, ಒಳಗಿನ ಅಡ್ಡಗೋಡೆ ಎರಡೂ 2 ಅಡಿ ಎತ್ತರ ಆಗುತ್ತವೆ. ಆ ಖರ್ಚನ್ನು ಮಾತ್ರ ಮರೆಯಬೇಡಿ.

ಹಂಚಿನಿಂದ ಪಕಾಸಿಗೆ, ಪಕಾಸಿನಿಂದ ಹಂಚಿಗಲ್ಲ

ನಾವು ತಪ್ಪಿದ್ದು ಇಲ್ಲೇ. ಪಕಾಸಿನ ಉದ್ದ ಮೊದಲು ಹಿಡಿದು ಆಮೇಲೆ ಹಂಚು ಹೇಗೆ ಕೂರುತ್ತದೋ ನೋಡೋಣ ಅಂದುಕೊಂಡಿದ್ದೆವು.

ಮಂಗಳೂರು ಹಂಚು ರೀಪಿನ (ಪಕಾಸುಗಳ ಮೇಲೆ ಅಡ್ಡಕ್ಕೆ ಹೊಡೆಯುವ ತೆಳು ಪಟ್ಟಿ) ಮೇಲೆ ಕೂರುತ್ತದೆ. ರೀಪಿನಿಂದ ರೀಪಿಗೆ ಸಾಮಾನ್ಯವಾಗಿ ಹನ್ನೆರಡೂವರೆ ಇಂಚು. ಕಾರ್ಖಾನೆಯಿಂದ ಕಾರ್ಖಾನೆಗೆ ಸ್ವಲ್ಪ ಬೇರೆ ಇರುತ್ತದೆ. ಹಾಗಾಗಿ ಮೊದಲು ನಾಲ್ಕು ಹಂಚು ತಂದು ಒಂದರ ಮೇಲೊಂದು ಕಚ್ಚಿಸಿ ನೆಲದ ಮೇಲೆ ಜೋಡಿಸಿ ಅಳೆಯಿರಿ. ಆ ಅಂತರವೇ ನಿಮ್ಮ ಕೋಲು.

7 ಇಂಚಿನ ಇಳಿಜಾರಿಗೆ ನಮ್ಮ ಉದ್ದ 16 ಅಡಿ 9½ ಇಂಚು, ಅಂದರೆ 201½ ಇಂಚು. ಹನ್ನೆರಡೂವರೆಯಿಂದ ಭಾಗಿಸಿದರೆ 16ಕ್ಕಿಂತ ಕೂದಲೆಳೆಯಷ್ಟು ಜಾಸ್ತಿ. 16 ಸಾಲು ಅಂತ ಇಟ್ಟುಕೊಂಡರೆ 200 ಇಂಚು, 16 ಅಡಿ 8 ಇಂಚು. ಒಂದೂವರೆ ಇಂಚು ಸೂರಿನಲ್ಲಿ ಕಡಿಮೆ ಮಾಡಿದರೆ ಮುಗಿಯಿತು. ಅದೇ 9 ಇಂಚಿನ ಇಳಿಜಾರಿಗೆ ಹದಿನೇಳೂ ಕಾಲಿಗಿಂತ ಮೇಲೆ ಬರುತ್ತದೆ. ಅಲ್ಲಿ 17 ಸಾಲಿಗೆ ಇಳಿಯಬೇಕು, ಇಲ್ಲ 18ಕ್ಕೆ ಏರಬೇಕು. ನಾನಾದರೆ 18ಕ್ಕೆ ಏರಿಸುತ್ತೇನೆ, ಸೂರು ಅರ್ಧ ಅಡಿ ಜಾಸ್ತಿ ಚಾಚಲಿ. ಆಗ ಪಕಾಸು 18 ಅಡಿ 9 ಇಂಚಿಗೆ ಹೋಗುತ್ತದೆ. 17 ಸಾಲು ಸಾಕು ಅನ್ನುವವರಿಗೆ 18 ಅಡಿಯ ಮರ ಸಾಕಾಗುತ್ತದೆ. ನೋಡಿ, ಹಂಚಿನ ಒಂದು ಸಾಲು 42 ಮರದ ಉದ್ದವನ್ನು ತೀರ್ಮಾನಿಸುತ್ತದೆ.

ಹಂಚಿನ ಎಣಿಕೆಯೂ ಇದರಲ್ಲೇ ಸಿಗುತ್ತದೆ. ಅಗಲಕ್ಕೆ ಒಂದು ಹಂಚು ಮುಚ್ಚುವುದು ಎಂಟೂಕಾಲು ಇಂಚು ಅಂತ ಹಿಡಿಯಿರಿ. 40 ಅಡಿಗೆ 58 ಹಂಚು. 16 ಸಾಲು, ಎರಡು ಬದಿ: 1,856. ನೂರು ಚದರಡಿಗೆ ಹೆಚ್ಚುಕಡಿಮೆ 140. ಒಡೆಯುವುದಕ್ಕೆ ಅಂತ ನೂರಕ್ಕೆ ಐದು ಸೇರಿಸಿ. ಒಂದು ಹಂಚು ಎರಡೂವರೆ ಕಿಲೋ ಅಂದರೂ ನಾಲ್ಕೂವರೆ ಟನ್ ಭಾರ ಆ ಪಕಾಸುಗಳ ಮೇಲೆ ಕೂರುತ್ತದೆ. ಮಳೆಯಲ್ಲಿ ಹಂಚು ನೀರು ಕುಡಿದರೆ ಇನ್ನೂ ಜಾಸ್ತಿ.

ಅಳೆಯುವ ದಾರಿ: ಗುಣಕವೋ, ದಾರವೋ?

ಮರ ತರಿಸುವ ಮೊದಲಿನ ಅಂದಾಜಿಗೆ ಗುಣಕ ಸಾಕು. ಐದು ನಿಮಿಷದ ಕೆಲಸ. ಆದರೆ ಮರ ಕೊಯ್ಯುವುದಕ್ಕೆ ಗುಣಕ ನಂಬಬೇಡಿ, ಅದರಲ್ಲೂ ಹಳೆ ಮನೆಗೆ. ಹಳೆ ಮಣ್ಣಿನ ಗೋಡೆ, ಕೆಂಪುಕಲ್ಲಿನ ಗೋಡೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಮೂರು ನಾಲ್ಕು ಇಂಚು ಅಗಲ ಬದಲಾಗಿರುತ್ತವೆ. ಕಾಗದದ ಲೆಕ್ಕಕ್ಕೆ ಅದು ಗೊತ್ತಾಗುವುದಿಲ್ಲ. ನೆತ್ತಿಯ ತೊಲೆ ಕೂರಿಸಿದ ಮೇಲೆ ಎರಡು ತುದಿಯಲ್ಲಿ, ನಡುವಿನಲ್ಲಿ, ಮೂರು ಕಡೆ ದಾರ ಎಳೆದು ಅಳೆಯಿರಿ. ಮೂರೂ ಒಂದೇ ಬಂದರೆ ಒಂದು ಮಾದರಿ ಪಕಾಸು ಕೊಯ್ದು, ಮೇಲಿಟ್ಟು ನೋಡಿ, ಉಳಿದವನ್ನು ಅದರ ಮೇಲೆ ಗುರುತು ಹಾಕಿ ಕೊಯ್ಯಿರಿ. ಮಾದರಿ ಒಂದೇ ಇರಲಿ, ಅದರ ಮೇಲೆ ಬಣ್ಣದಲ್ಲಿ ಬರೆದಿಡಿ. ಕೊಯ್ದ ಪಕಾಸಿನ ಮೇಲೆ ಮುಂದಿನದನ್ನು ಗುರುತು ಹಾಕುತ್ತಾ ಹೋದರೆ ಪ್ರತಿ ಸಲ ಪೆನ್ಸಿಲಿನ ಗೆರೆಯಷ್ಟು ಬೆಳೆದು ಕೊನೆಯದು ಒಂದಿಂಚು ಉದ್ದ ಆಗಿರುತ್ತದೆ.

ಫೋನಿನ ಆ್ಯಪ್‌ಗಳೂ ಲೆಕ್ಕ ಕೊಡುತ್ತವೆ. ಒಂದು ವಿಷಯ ಗಮನಿಸಿ. ಪಕಾಸು ನೆತ್ತಿಯ ಮರದ ಪಕ್ಕಕ್ಕೆ ಬಂದು ತಾಗುತ್ತದೆ ಅಂತ ಲೆಕ್ಕ ಹಾಕಿ, ನೆತ್ತಿಯ ಮರದ ಅರ್ಧ ದಪ್ಪ ಕಳೆಯುವ ಆ್ಯಪ್‌ಗಳಿವೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಪಕಾಸು ನೆತ್ತಿಯ ತೊಲೆಯ ಮೇಲೆ ಕೂತು ಎದುರಿನ ಪಕಾಸಿಗೆ ಸೇರುತ್ತದೆ. ಅಲ್ಲಿ ಏನೂ ಕಳೆಯಬಾರದು.

ಇನ್ನು ಕೊಯ್ತದ ಓರೆ. ಪಕಾಸಿನ ತುದಿಯನ್ನು ನೇರ ಕತ್ತರಿಸುವುದಿಲ್ಲ, ಓರೆಯಾಗಿ ಕತ್ತರಿಸುತ್ತೇವೆ. 4 ಇಂಚು ಎತ್ತರದ ಪಕಾಸಿಗೆ 7 ಇಂಚಿನ ಇಳಿಜಾರಿನಲ್ಲಿ ಆ ಓರೆಗೇ ಎರಡೂಕಾಲು ಇಂಚು ಬೇಕು. 16 ಅಡಿ 8 ಇಂಚಿಗೆ ಇದು ಸೇರಿದರೆ 16 ಅಡಿ 10 ಇಂಚು ದಾಟುತ್ತದೆ. ಅದಕ್ಕೇ 17 ಅಡಿಯ ಮರ ಬೇಕು ಅಂದದ್ದು. ಗೋಡೆಯ ಪಟ್ಟಿ ಮರದ ಮೇಲೆ ಕೂರಲು ಪಕಾಸಿಗೆ ಕಚ್ಚು ಹಾಕುತ್ತಾರಲ್ಲ, ಅದು ಪಕಾಸಿನ ಎತ್ತರದ ಮೂರರಲ್ಲಿ ಒಂದು ಪಾಲಿಗಿಂತ ಆಳ ಆಗಬಾರದು. ಆಳ ಕಚ್ಚಿದರೆ ಸೂರಿನ ಭಾಗ ಅಲ್ಲೇ ಸೀಳುತ್ತದೆ.

ದಪ್ಪ ಪಕಾಸೋ, ನಡುವೆ ತೊಲೆಯೋ?

ದುಡ್ಡು ನಿಜವಾಗಿ ಉಳಿಯುವುದು ಅಥವಾ ಹೋಗುವುದು ಈ ಜಾಗದಲ್ಲಿ. ಇದಕ್ಕೆ ಸ್ವಲ್ಪ ಹೊತ್ತು ಕೊಡಿ.

ಪಕಾಸುಗಳನ್ನು ಎರಡಡಿಗೆ ಒಂದರಂತೆ ಇಟ್ಟರೆ 40 ಅಡಿಗೆ 21, ಎರಡು ಬದಿಗೆ 42. ಒಂದು ದಾರಿ, ಗೋಡೆಯಿಂದ ನೆತ್ತಿಗೆ ನಡುವೆ ಏನೂ ಆಧಾರ ಇಲ್ಲದೆ ಪಕಾಸು ಹಾಕುವುದು. ಅಷ್ಟು ದೂರಕ್ಕೆ 4×2 ಇಂಚಿನ ಮರ ಸಾಲದು. ಹಂಚಿನ ಭಾರಕ್ಕೆ ಬಾಗುತ್ತದೆ. 6×2½ ಬೇಕು. ಲೆಕ್ಕ ಹೀಗೆ: ಆರನ್ನು ಎರಡೂವರೆಯಿಂದ ಗುಣಿಸಿ 144ರಿಂದ ಭಾಗಿಸಿದರೆ ಒಂದು ಅಡಿ ಉದ್ದಕ್ಕೆ ಎಷ್ಟು ಸಿಎಫ್‌ಟಿ ಅಂತ ಬರುತ್ತದೆ. 42 ಪಕಾಸು, 17 ಅಡಿ. ಒಟ್ಟು 74.4 ಸಿಎಫ್‌ಟಿ.

ಇನ್ನೊಂದು ದಾರಿ, ಇಳಿಜಾರಿನ ನಡುವೆ ಉದ್ದಕ್ಕೂ ಒಂದು ತೊಲೆ ಕೊಟ್ಟು ಪಕಾಸನ್ನು 4×2ಕ್ಕೆ ಇಳಿಸುವುದು. ಪಕಾಸು 39.7 ಸಿಎಫ್‌ಟಿ. ತೊಲೆ ಎರಡು ಬದಿಗೆ ಸೇರಿ 80 ಅಡಿ. ಅಡ್ಡಗೋಡೆ 12 ಅಡಿಗೊಂದು ಇರುವುದರಿಂದ 8×4 ತೊಲೆ ಬೇಕು, ಅದು 17.8. ಒಟ್ಟು 57.5. ಅಂದರೆ 17 ಸಿಎಫ್‌ಟಿ ಉಳಿಯಿತು. ಅಡ್ಡಗೋಡೆ ಒಂಬತ್ತು ಹತ್ತು ಅಡಿಗೊಂದು ಇದ್ದರೆ 6×4 ತೊಲೆ ಸಾಕು, ಆಗ ಇನ್ನೂ ನಾಲ್ಕು ಸಿಎಫ್‌ಟಿ ಕಡಿಮೆ.

ಇದು ಅಡ್ಡಗೋಡೆ ಮಾಡಿನವರೆಗೂ ಏರಿರುವ ಮನೆಗೆ ಮಾತ್ರ ಸರಿ. ಗೋಡೆ ಅಟ್ಟದ ಮಟ್ಟಕ್ಕೇ ನಿಂತಿದ್ದರೆ ತೊಲೆಗೆ ಕಂಬ ಬೇಕು, ಕಂಬ ಕೂರಲು ಕೆಳಗೆ ಗಟ್ಟಿ ತೊಲೆ ಬೇಕು. ಹಾಗೆ ಲೆಕ್ಕ ಬೆಳೆಯುತ್ತದೆ. ಅಡ್ಡಗೋಡೆಯೇ ಇಲ್ಲದ ದೊಡ್ಡ ಹಜಾರ, ಅಡಿಕೆ ಸುಲಿಯುವ ಚಪ್ಪರದಂಥ ಜಾಗಕ್ಕೆ ಟ್ರಸ್ (ಮುಕ್ಕೋನವಾಗಿ ಜೋಡಿಸಿದ ಚೌಕಟ್ಟು) ಒಳ್ಳೆಯದು. ನಡುಗಂಬ ಇರುವ ಮರದ ಟ್ರಸ್ 24 ಅಡಿ ಅಗಲಕ್ಕೆ ಚೆನ್ನಾಗಿ ಒಪ್ಪುತ್ತದೆ.

ದಪ್ಪ ಪಕಾಸಿನ ದಾರಿ ಹಿಡಿಯುವವರು ಒಂದು ಮಾತು ಮರೆಯಬಾರದು. ಎದುರುಬದುರು ಪಕಾಸುಗಳು ಕಾಲು ಅಗಲಿಸಿ ನಿಂತ ಹಾಗೆ. ಭಾರ ಬಿದ್ದಾಗ ಬುಡ ಹೊರಕ್ಕೆ ಜಾರಲು ನೋಡುತ್ತದೆ, ಗೋಡೆಯನ್ನು ತಳ್ಳುತ್ತದೆ. ಅದನ್ನು ತಡೆಯಲು ಎರಡು ಬುಡಗಳನ್ನು ಕಟ್ಟಿಹಿಡಿಯುವ ಅಡ್ಡ ಮರ ಬೇಕು. ಮೇಲಿನ 74.4 ಸಿಎಫ್‌ಟಿಯಲ್ಲಿ ಆ ಮರ ಸೇರಿಲ್ಲ. ಹಳೆ ಮನೆಗಳ ಗೋಡೆ ಮೇಲ್ಭಾಗದಲ್ಲಿ ಹೊರಕ್ಕೆ ವಾಲಿದ್ದರೆ ಮೊದಲು ಈ ಅಡ್ಡ ಮರ ಇದೆಯೋ, ಯಾರಾದರೂ ತೆಗೆದುಹಾಕಿದ್ದಾರೋ ನೋಡಿ. ನೆತ್ತಿಯ ತೊಲೆ, ನಡುವಿನ ತೊಲೆ ಎರಡೂ ಅಡ್ಡಗೋಡೆಯ ಮೇಲೆ ಗಟ್ಟಿಯಾಗಿ ಕೂತಿದ್ದರೆ ಭಾರ ನೇರ ಕೆಳಗೆ ಇಳಿಯುತ್ತದೆ, ತಳ್ಳಾಟ ಬಹಳ ಕಡಿಮೆ. ನಾನು ಎರಡನೆಯ ದಾರಿಯನ್ನೇ ಇಷ್ಟಪಡುವುದಕ್ಕೆ ಮರ ಉಳಿಯುವುದಕ್ಕಿಂತ ಇದು ದೊಡ್ಡ ಕಾರಣ. ಈ ಅಳತೆಗಳು ಗಟ್ಟಿ ಮರದ ಲೆಕ್ಕ. ಮನೆ ಇದಕ್ಕಿಂತ ಅಗಲ ಇದ್ದರೆ, ಮರ ಮೆದು ಇದ್ದರೆ, ಒಬ್ಬ ಎಂಜಿನಿಯರಿಗೆ ತೋರಿಸಿಯೇ ಮುಂದುವರಿಯಿರಿ.

ನಡುವಿನ ತೊಲೆಯಿಂದ ಇನ್ನೊಂದು ಲಾಭ ಇದೆ. 17 ಅಡಿಯ ನೇರ ಮರ ಸಿಗದಿದ್ದರೆ ಪಕಾಸನ್ನು ಎರಡು ತುಂಡು ಮಾಡಬಹುದು. ನೆತ್ತಿಯಿಂದ ತೊಲೆಗೆ ಏಳೂವರೆ ಅಡಿಯದು, ತೊಲೆಯಿಂದ ಸೂರಿಗೆ ಹತ್ತೂವರೆ ಅಡಿಯದು. ತೊಲೆಯ ಮೇಲೆ ಅಕ್ಕಪಕ್ಕ ಒಂದಡಿ ಹೊಂದಿಸಿ ಬೋಲ್ಟು ಹಾಕುವುದು. ಮರ ಒಟ್ಟು 42 ಸಿಎಫ್‌ಟಿ ಆಗುತ್ತದೆ, ಇಡೀ ಪಕಾಸಿಗಿಂತ ಎರಡೂಕಾಲು ಜಾಸ್ತಿ. ಆದರೂ ಗಿಡ್ಡ ಮರ ಸುಲಭವಾಗಿ ಸಿಗುತ್ತದೆ, ರೇಟೂ ಕಡಿಮೆ. ಸೇರಿಕೆ ತೊಲೆಯ ಮೇಲೇ ಬರಬೇಕು. ತೊಲೆ ಬಿಟ್ಟು ನಡುವೆ ಎಲ್ಲೋ ಸೇರಿಸಿದರೆ ಅದು ಪಕಾಸೇ ಅಲ್ಲ.

ಉಳಿದ ಮರದ ಲೆಕ್ಕ ಬೇಗ ಮುಗಿಸೋಣ. ನೆತ್ತಿಗೆ 8×4, 40 ಅಡಿ: 8.9 ಸಿಎಫ್‌ಟಿ. ಗೋಡೆ ಮೇಲಿನ ಪಟ್ಟಿ 4×3, 72 ಅಡಿ: 6. ರೀಪು 2×1, ಬದಿಗೆ 17 ಸಾಲು (ಹಂಚಿನ ಸಾಲಿಗಿಂತ ಒಂದು ಜಾಸ್ತಿ), ಒಟ್ಟು 1,360 ಅಡಿ: 18.9. ರೀಪನ್ನು ಎಲ್ಲರೂ ಚಿಲ್ಲರೆ ಅಂತ ಬಿಟ್ಟುಬಿಡುತ್ತಾರೆ. ನೋಡಿ, ಅದು ಪಕಾಸಿನ ಅರ್ಧದ ಹತ್ತಿರ ಇದೆ. ಎಲ್ಲ ಕೂಡಿಸಿದರೆ 91. ಕೊಯ್ತ, ಸೀಳು, ಗಂಟು ಅಂತ ನೂರಕ್ಕೆ ಹತ್ತು ಸೇರಿಸಿದರೆ 100 ಸಿಎಫ್‌ಟಿ. ಅರಣ್ಯ ಇಲಾಖೆಯ ಡಿಪೋದಲ್ಲಿ ಘನ ಮೀಟರಿನಲ್ಲಿ ಹೇಳುತ್ತಾರೆ. ಒಂದು ಘನ ಮೀಟರ್ 35.3 ಸಿಎಫ್‌ಟಿ. ಹಾಗಾಗಿ ನಮ್ಮದು 2.83 ಘನ ಮೀಟರ್.

ದಿಮ್ಮಿ ಕೊಂಡು ಕೊಯ್ಸುವವರಿಗೆ ಇನ್ನೊಂದು ಲೆಕ್ಕ. ದಿಮ್ಮಿಯ ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. 4 ಅಡಿ ಸುತ್ತಳತೆ, 17 ಅಡಿ ಉದ್ದ ಇದ್ದರೆ 17 ಸಿಎಫ್‌ಟಿ. ಅಷ್ಟೂ ಪಕಾಸಾಗಿ ಹೊರಬರುವುದಿಲ್ಲ. ಸಿಪ್ಪೆ, ಅದರ ಕೆಳಗಿನ ಮೆದು ಬಿಳಿ ಮರ, ಗರಗಸದ ಪುಡಿ ಹೋಗಿ ನೂರಕ್ಕೆ 60 ಸಿಕ್ಕಿದರೆ ಒಳ್ಳೆಯ ದಿಮ್ಮಿ ಅಂತ ನಾನು ಹಿಡಿಯುತ್ತೇನೆ.

ಎರಡು ಇಳಿಜಾರೋ, ನಾಲ್ಕೋ?

ನಾಲ್ಕು ಕಡೆ ಇಳಿಜಾರು ಮಾಡಿದರೆ ಹಂಚು ತುಂಬಾ ಜಾಸ್ತಿ ಬೇಕಾಗುತ್ತದೆ ಅನ್ನುವ ಮಾತಿದೆ. ಹಾಗಿಲ್ಲ. ಇಳಿಜಾರು ಎಲ್ಲ ಕಡೆ ಒಂದೇ ಇದ್ದರೆ ನೆಲದ ಮೇಲೆ ಮಾಡು ಮುಚ್ಚುವ ಜಾಗವನ್ನು ಅದೇ ಗುಣಕದಿಂದ ಗುಣಿಸಿದರಾಯಿತು. ನಮ್ಮ ಮನೆಗೆ ಎರಡು ಇಳಿಜಾರಿನ ಮಾಡು 1,343 ಚದರಡಿ. ನಾಲ್ಕು ಕಡೆಯೂ ಎರಡೂವರೆ ಅಡಿ ಸೂರು ಕೊಟ್ಟ ನಾಲ್ಕು ಇಳಿಜಾರಿನದು 1,376. ಅಷ್ಟೇ ವ್ಯತ್ಯಾಸ. ಮೂಲೆಗಳಲ್ಲಿ ಹಂಚು ಕತ್ತರಿಸಿ ಹಾಳಾಗುವುದು ಮಾತ್ರ ಹೆಚ್ಚಿಗೆ.

ಕಷ್ಟ ಇರುವುದು ಮೂಲೆ ಪಕಾಸಿನಲ್ಲಿ. ಅದು ನೆತ್ತಿಯ ತುದಿಯಿಂದ ಮನೆಯ ಮೂಲೆಗೆ ಓಡುತ್ತದೆ. 7 ಇಂಚಿನ ಇಳಿಜಾರಿಗೆ ಅದರ ಗುಣಕ 1.53. ನಮಗೆ 22 ಅಡಿ 2 ಇಂಚು. ಅಷ್ಟುದ್ದದ ನೇರ ಮರ ನಾಲ್ಕು ಹುಡುಕಬೇಕು, ದಪ್ಪವೂ ಜಾಸ್ತಿ ಬೇಕು. ಅದಕ್ಕೆ ಬಂದು ಸೇರುವ ಗಿಡ್ಡ ಪಕಾಸುಗಳು ಒಂದಕ್ಕಿಂತ ಒಂದು 2 ಅಡಿ 3¾ ಇಂಚು ಕಡಿಮೆ ಆಗುತ್ತಾ ಹೋಗುತ್ತವೆ. ಅಂತರದ ಎರಡಡಿಯನ್ನು ಗುಣಕದಿಂದ ಗುಣಿಸಿದರೆ ಬರುವ ಲೆಕ್ಕ ಅದು. ಮೊದಲೇ ಪಟ್ಟಿ ಮಾಡಿಟ್ಟರೆ ಬೇರೆ ಕಡೆ ಉಳಿದ ತುಂಡುಗಳೆಲ್ಲ ಇಲ್ಲಿ ಉಪಯೋಗಕ್ಕೆ ಬರುತ್ತವೆ.

ಇಷ್ಟು ಕಷ್ಟ ಇದ್ದರೂ ಮಲೆನಾಡಿನ ಮಣ್ಣಿನ ಗೋಡೆಯ ಮನೆಗೆ ನಾನು ನಾಲ್ಕು ಇಳಿಜಾರನ್ನೇ ಹೇಳುತ್ತೇನೆ. ಮುಕ್ಕೋನದ ಗೋಡೆ ಪಡುವಣಕ್ಕೆ ಮುಖ ಮಾಡಿದ್ದರೆ ಮಳೆ ಅದಕ್ಕೆ ನೇರ ಹೊಡೆಯುತ್ತದೆ, ಅಷ್ಟೆತ್ತರದಲ್ಲಿ ಸೂರಿನ ನೆರಳು ಸಿಗುವುದಿಲ್ಲ. ಇಟ್ಟಿಗೆ ಸಿಮೆಂಟಿನ ಗೋಡೆ ಆದರೆ ಎರಡು ಇಳಿಜಾರು ಸಾಕು. ಕೊಟ್ಟಿಗೆಗೂ ಅದೇ.

ಕೊನೆಗೆ ಮರದ ಜಾತಿ

ಈಗ ನಿಮ್ಮ ಕೈಯಲ್ಲಿ ಒಂದು ಪಟ್ಟಿ ಇದೆ: ಇಷ್ಟು ದಪ್ಪ, ಇಷ್ಟು ಉದ್ದ, ಇಷ್ಟು ತುಂಡು. ಯಾವ ಮರ ಆ ಉದ್ದವನ್ನು ಕೊಡಬಲ್ಲದು ಅನ್ನುವುದೇ ಮೊದಲ ಪ್ರಶ್ನೆ.

ಸಾಗುವಾನಿ ನೇರ ಬೆಳೆಯುತ್ತದೆ, ಉದ್ದ ಸಿಗುತ್ತದೆ, ಒಣಗಿದ ಮೇಲೆ ಡೊಂಕಾಗುವುದು ಕಡಿಮೆ. ಆದರೆ ಪಕಾಸಿಗೆ ಸಾಗುವಾನಿ ಹಾಕುವುದು ದುಡ್ಡು ಜಾಸ್ತಿ ಇದ್ದವರಿಗೆ. ಬಾಗಿಲು ಕಿಟಕಿಗೆ ಇಟ್ಟುಕೊಳ್ಳಿ. ತೋಟದಲ್ಲಿ ಬೇಗ ಬೆಳೆದ ಎಳೆ ಸಾಗುವಾನಿಯಲ್ಲಿ ಬಿಳಿ ಮರವೇ ಜಾಸ್ತಿ. ಸಾಗುವಾನಿ ಅನ್ನುವ ಹೆಸರಿಗೆ ಗೆದ್ದಲು ಹೆದರುವುದಿಲ್ಲ. ಗೆದ್ದಲು ಬಿಡುವುದು ಒಳಗಿನ ಚೇಗನ್ನು, ಅಂದರೆ ಮಾಗಿದ ನಡುಮರವನ್ನು ಮಾತ್ರ. ಬಾಳಿಕೆಯ ಬೇರೆ ಮರಗಳಿಗೂ ಅನ್ವಯಿಸುವ ಮಾತು ಇದು.

ಹಲಸು ನಮ್ಮ ಮನೆಗಳ ಮರ. ಹಳದಿ ಚೇಗು ತಲೆಮಾರು ಬಾಳುತ್ತದೆ. ತೊಂದರೆ ಒಂದೇ. ಹಲಸಿನ ಕಾಂಡ ಬೇಗ ಕವಲೊಡೆಯುತ್ತದೆ. 17 ಅಡಿಯ ನೇರ ತುಂಡು ಸಿಗುವುದು ಕಷ್ಟ. ಎರಡು ತುಂಡಿನ ಪಕಾಸಿಗೆ, ಗೋಡೆ ಪಟ್ಟಿಗೆ ಬಹಳ ಒಳ್ಳೆಯದು. ಹೆಬ್ಬಲಸು ನೇರ ಬೆಳೆಯುತ್ತದೆ, ಸಿಕ್ಕರೆ ಬಿಡಬೇಡಿ. ಮತ್ತಿ ಗಟ್ಟಿ, ಭಾರ, ಉದ್ದವೂ ಸಿಗುತ್ತದೆ. ಹಸಿ ಮತ್ತಿ ಹಾಕಿದರೆ ಒಣಗುವಾಗ ಸೀಳುತ್ತದೆ, ತಿರುಚುತ್ತದೆ. ಪಕಾಸು ತಿರುಚಿದರೆ ಹಂಚಿನ ಸಾಲು ಅಲೆ ಅಲೆ ಆಗುತ್ತದೆ. ನಂದಿ, ಹೊನ್ನೆ ಎರಡೂ ಪಕಾಸಿಗೆ ಸರಿಯಾದ ಮರ. ಕಿರಾಲುಬೋಗಿಯ ಪಕಾಸು ಹಳೆ ಮನೆಗಳಲ್ಲಿ ಈಗಲೂ ಕಲ್ಲಿನ ಹಾಗೆ ಇದೆ, ಹೊಸದಾಗಿ ಸಿಗುವುದು ಅಪರೂಪ.

ಕಾಫಿ ತೋಟದ ಸಿಲ್ವರ್ ಓಕ್ ನೇರ, ಉದ್ದ, ಅಗ್ಗ. ಔಷಧಿ ಹೊಡೆಯದೆ ಹಾಕಿದರೆ ಬಾಳುವುದಿಲ್ಲ. ಬೋರಾಕ್ಸ್, ಬೋರಿಕ್ ಆ್ಯಸಿಡ್ ದ್ರಾವಣದಲ್ಲಿ ನೆನೆಸಿ ಹಾಕಬಹುದು, ಮಳೆ ತಾಗದ ಒಳಭಾಗಕ್ಕೆ ಮಾತ್ರ. ಅಕೇಶಿಯಾ ಗಟ್ಟಿ ಇದೆ, ಆದರೆ ಡೊಂಕು. ಏಳೆಂಟು ಅಡಿಯೊಳಗಿನ ತುಂಡುಗಳಿಗೆ ಸರಿ. ತೆಂಗಿನಲ್ಲಿ ಚೆನ್ನಾಗಿ ಮುದಿಯಾದ ಮರದ ಹೊರಭಾಗ ಮಾತ್ರ ಗಟ್ಟಿ, ನಡುವಿನದು ಮೆದು. ಕೊಟ್ಟಿಗೆಗೆ ಸಾಕು. ಕರಾವಳಿಯಲ್ಲಿ ತಾಳೆ ಮರ ಸೀಳಿ ಪಕಾಸು ಮಾಡುತ್ತಿದ್ದರು. ಕಪ್ಪು ನಾರಿನ ಆ ಪಕಾಸಿನ ಗಟ್ಟಿತನ ನೋಡಿದವರಿಗೇ ಗೊತ್ತು.

ನನ್ನ ಮೊದಲ ಆಯ್ಕೆ ಇದ್ಯಾವುದೂ ಅಲ್ಲ. ಬಿಚ್ಚಿದ ಹಳೆ ಮನೆಯ ಮರ. ಐವತ್ತು ವರ್ಷ ಒಣಗಿದ ಮರ ಇನ್ನು ತಿರುಚುವುದಿಲ್ಲ. ಗೋಡೆಯೊಳಗೆ ಇದ್ದ ತುದಿ ಸಾಮಾನ್ಯವಾಗಿ ಕೊಳೆತಿರುತ್ತದೆ. ಎರಡು ಕಡೆ ಅರ್ಧ ಅಡಿ ಕತ್ತರಿಸಿ ಉಳಿಯುವ ಉದ್ದವೇ ನಿಮ್ಮ ಉದ್ದ. ಉಳಿ ಚುಚ್ಚಿ ನೋಡಿ. ಸಣ್ಣ ತೂತುಗಳಿಂದ ಹೊಸ ಪುಡಿ ಉದುರುತ್ತಿದ್ದರೆ ಬೇಡ. ಮಿಲ್ಲಿನವರು ಹಳೆ ಮರ ಕೊಯ್ಯಲು ಹಿಂಜರಿಯುತ್ತಾರೆ, ಮೊಳೆ ತಾಗಿ ಗರಗಸ ಹಾಳಾಗುತ್ತದೆ ಅಂತ. ಮೊದಲು ಮೊಳೆ ಎಲ್ಲ ಕಿತ್ತು ಕೊಡಿ.

ನಿಮ್ಮ ಹಿತ್ತಲಿನ ಮರವನ್ನೇ ಕಡಿಯುವುದಾದರೂ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಇದೆ. ಕೆಲವು ಜಾತಿಗೆ ವಿನಾಯಿತಿ ಇದೆ, ಉಳಿದವಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮರ ಕಡಿಯುವ ಮೊದಲು ರೇಂಜ್ ಆಫೀಸಿನಲ್ಲಿ ಕೇಳಿ.

ಕಬ್ಬಿಣದ ಪೈಪಿನ ಮಾತು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಗೆದ್ದಲಿಲ್ಲ, ತಿರುಚುವುದಿಲ್ಲ, ವಾರದಲ್ಲಿ ಕೆಲಸ ಮುಗಿಯುತ್ತದೆ. ಪೈಪು ಬರುವುದು 20 ಅಡಿ ಉದ್ದದಲ್ಲಿ. 16 ಅಡಿ 8 ಇಂಚಿನ ಪಕಾಸಿಗೆ ಪ್ರತಿ ಪೈಪಿನಲ್ಲೂ ಮೂರಡಿ ಮೇಲೆ ತುಂಡು ಉಳಿಯುತ್ತದೆ. 18 ಅಡಿ 9 ಇಂಚಿನದಕ್ಕೆ ಸರಿಹೋಗುತ್ತದೆ. ಹಾಗಾಗಿ ಪೈಪು ಹಾಕುವವರಿಗೆ 9 ಇಂಚಿನ ಇಳಿಜಾರು, 18 ಸಾಲು ಹಂಚು ಒಳ್ಳೆಯ ಜೋಡಿ. ಸಮುದ್ರದ ಹತ್ತಿರದ ಊರಿನಲ್ಲಿ ಉಪ್ಪಿನ ಗಾಳಿಗೆ ಬೆಸುಗೆ ಹಾಕಿದ ಜಾಗಗಳು ಮೊದಲು ತುಕ್ಕು ಹಿಡಿಯುತ್ತವೆ. ಅಲ್ಲಿ ನಾನು ಮರವನ್ನೇ ಹೇಳುತ್ತೇನೆ.

ಮಿಲ್ಲಿಗೆ ಹೋಗುವಾಗ 100 ಸಿಎಫ್‌ಟಿ ಕೊಡಿ ಅಂತ ಕೇಳಬೇಡಿ. ಹತ್ತಡಿಯ ತುಂಡುಗಳನ್ನೇ ತುಂಬಿ ಕೊಟ್ಟರೂ ಅದು 100 ಸಿಎಫ್‌ಟಿಯೇ. ಹೀಗೆ ಬರೆದು ಕೊಡಿ: 4×2, 17 ಅಡಿ, 42. 8×4, 14 ಅಡಿ ಆರು ಮತ್ತು 12 ಅಡಿ ಮೂರು. 4×3, 12 ಅಡಿ, 6. 2×1, ಎರಡಡಿಯ ಲೆಕ್ಕಕ್ಕೆ ಬರುವ ಉದ್ದ, ಒಟ್ಟು 1,360 ಅಡಿ. ಎರಡಡಿಯ ಲೆಕ್ಕ ಏಕೆಂದರೆ ರೀಪಿನ ಸೇರಿಕೆ ಪಕಾಸಿನ ಮೇಲೇ ಬರಬೇಕು. 14 ಅಡಿಯ ತೊಲೆ ತುದಿ ಕೋಣೆಗಳಿಗೆ, ಚಾಚಿನ ಎರಡಡಿ ಸೇರಿ. 12ರದು ನಡುಕೋಣೆಗೆ. ತೊಲೆಗಳ ತುದಿ ಅಡ್ಡಗೋಡೆಯ ಮೇಲೆ ಒಂದಕ್ಕೊಂದು ಕಚ್ಚಿ ಕೂರಲು ನಾಲ್ಕಾರು ಇಂಚು ಜಾಸ್ತಿಯೇ ಕೇಳಿ. ಹಸಿ ಮರ ಒಣಗಿದಾಗ ಕುಗ್ಗುತ್ತದೆ, 4 ಇಂಚು ಅಂದದ್ದು ಮೂರೂಮುಕ್ಕಾಲಿಗೆ ಬರಬಹುದು. ಕಾಲು ಇಂಚು ಜಾಸ್ತಿ ಕೊಯ್ಯಿಸಿ.

ಮರ ಬಂದ ದಿನ ಟೇಪು ಹಿಡಿದು ಒಂದೊಂದನ್ನೂ ಅಳೆದೇ ಇಳಿಸಿಕೊಳ್ಳಿ. ಆಮೇಲೆ ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಕಲ್ಲಿಟ್ಟು, ಸಾಲು ಸಾಲಿಗೂ ನಡುವೆ ರೀಪಿನ ತುಂಡು ಕೊಟ್ಟು, ನೆರಳಿನಲ್ಲಿ ಗಾಳಿಯಾಡುವ ಹಾಗೆ ಪೇರಿಸಿ. ದೀಪಾವಳಿಯ ಹೊತ್ತಿಗೆ ಮರ ತಂದರೆ ಶಿವರಾತ್ರಿ ಕಳೆದ ಮೇಲೆ ಮಾಡು ಬಿಚ್ಚಬಹುದು. ಏಪ್ರಿಲ್ ಕೊನೆಯ ಮಳೆ ಬರುವಷ್ಟರಲ್ಲಿ ಹಂಚು ಮೇಲಿರಬೇಕು.